ನಾಳೆಯವರ ಕುರ್ಚಿ

ಡೋಣಿ ವಿಶ್ವವಿದ್ಯಾಲಯದ ಆಡಳಿತ ಮಂಡಲಿಯ ಸಭಾಂಗಣದಲ್ಲಿ ಹದಿಮೂರು ಕುರ್ಚಿಗಳಿದ್ದವು. ಹನ್ನೆರಡರಲ್ಲಿ ಜನ ಕೂರುತ್ತಿದ್ದರು. ಹದಿಮೂರನೆಯದರಲ್ಲಿ ಯಾರೂ ಕೂರುತ್ತಿರಲಿಲ್ಲ, ಏಕೆಂದರೆ ಅದರ ಹಕ್ಕುದಾರರು ಇನ್ನೂ ಹುಟ್ಟಿರಲಿಲ್ಲ.

ಸಾಗುವಾನಿಯ ಸಾದಾ ಕುರ್ಚಿ ಅದು. ಬಲಗೈ ಇಡುವ ಜಾಗದಲ್ಲಿ ಒಂದು ಸಣ್ಣ ದೀಪ. ಹೊಸದಾಗಿ ಬಂದ ಸದಸ್ಯರು ಖಾಲಿ ಇದೆಯಲ್ಲ ಎಂದು ಅದರ ಮೇಲೆ ತಮ್ಮ ಚೀಲ ಇಟ್ಟು ಒಮ್ಮೆ ಬೈಸಿಕೊಳ್ಳುತ್ತಿದ್ದರು. ಎರಡನೆಯ ಸಲ ಯಾರೂ ಇಡುತ್ತಿರಲಿಲ್ಲ.

ಆ ಕುರ್ಚಿ ಬಂದದ್ದು ಇಡಿಗಂಟು ಕಾಯ್ದೆಯ ಜೊತೆಗೆ. ಅದಕ್ಕೂ ಮುಂಚಿನ ದಿನಗಳನ್ನು ಹಳಬರು ನಗುತ್ತ ನೆನೆಯುತ್ತಾರೆ, ಆಗ ಅತ್ತಿದ್ದರೂ ಕೂಡ. ಕುಲಪತಿ ಯಾರಾಗಬೇಕೆಂಬುದು ರಾಜಧಾನಿಯಲ್ಲಿ ಯಾರದೋ ಡ್ರಾಯಿಂಗ್ ರೂಮಿನಲ್ಲಿ ತೀರ್ಮಾನವಾಗುತ್ತಿತ್ತು. ತೀರ್ಮಾನ ಕೋರ್ಟು ಹತ್ತುತ್ತಿತ್ತು. ಅಲ್ಲಿಯವರೆಗೆ ಪ್ರಭಾರಿ ಕುಲಪತಿ, ಪ್ರಭಾರಿ ಕುಲಸಚಿವ, ಒಂದು ವರ್ಷವಂತೂ ಪ್ರಭಾರಿ ಕಾವಲುಗಾರ. ಅನುದಾನ ಮಾರ್ಚ್ ಕೊನೆಗೆ ಬಂದು, ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕಿತ್ತು. ಹಾಗಾಗಿ ಪ್ರಯೋಗಾಲಯಕ್ಕೆ ಸೂಕ್ಷ್ಮದರ್ಶಕ ಬರುವ ಬದಲು ಕಾಂಪೌಂಡಿಗೆ ಸುಣ್ಣ ಬರುತ್ತಿತ್ತು. ಮೌಲ್ಯಮಾಪನ ಸಮಿತಿ ಬರುತ್ತದೆಂದರೆ ಹೂಕುಂಡಗಳನ್ನು ಬಾಡಿಗೆಗೆ ತಂದಿಡುತ್ತಿದ್ದರು. ಸಮಿತಿ ಹೋದ ಮಧ್ಯಾಹ್ನವೇ ಅವು ಟೆಂಪೋ ಹತ್ತುತ್ತಿದ್ದವು.

ದೇಶದ ಸಾರ್ವಜನಿಕ ವಿಶ್ವವಿದ್ಯಾಲಯಗಳೆಲ್ಲ ಹೀಗೇ ಕುಂಟುತ್ತ ಕೊನೆಗೊಮ್ಮೆ ಕೂತೇಬಿಟ್ಟಾಗ ಕಾಯ್ದೆ ಬಂತು. ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದೇ ಸಲ ಒಂದು ಇಡಿಗಂಟು. ಅದರ ಬಡ್ಡಿಯಲ್ಲಿ ಬದುಕಬೇಕು, ಮತ್ತೆ ಯಾರ ಬಾಗಿಲೂ ತಟ್ಟುವ ಹಾಗಿಲ್ಲ. ನಾಮನಿರ್ದೇಶನವಿಲ್ಲ, ಶಿಫಾರಸಿಲ್ಲ. ಮಂಡಲಿಯಲ್ಲಿ ನಾಲ್ವರು ಅಧ್ಯಾಪಕರು, ನಾಲ್ವರು ವಿದ್ಯಾರ್ಥಿಗಳು, ಚೀಟಿ ಎತ್ತಿ ಆರಿಸಿದ ನಾಲ್ವರು ಊರಿನವರು. ಆದರೆ ಇವತ್ತಿನ ಹನ್ನೆರಡು ಮಂದಿ ಸೇರಿ ಗಂಟನ್ನೇ ತಿಂದು ಕೈ ತೊಳೆದರೆ ನಾಳೆ ಬರುವವರ ಗತಿಯೇನು? ಆ ಪ್ರಶ್ನೆಗೆ ಉತ್ತರವಾಗಿ ಹದಿಮೂರನೆಯ ಕುರ್ಚಿ. ನಲವತ್ತು ವರ್ಷದ ನಂತರ ಓದಲು ಬರುವವರ ಕುರ್ಚಿ. ಅದಕ್ಕೆ ಒಂದೇ ಒಂದು ಅಧಿಕಾರ: ಗಂಟಿನ ಅಸಲಿಗೆ ಕೈ ಹಾಕುವ ಮಾತು ಬಂದಾಗ ಬೇಡ ಎನ್ನುವುದು. ದೀಪ ಕೆಂಪಾದರೆ ಮುಗಿಯಿತು.

ಡೋಣಿಯ ಕುರ್ಚಿಗೆ ಬುದ್ಧಿ ಕಟ್ಟಿಕೊಟ್ಟವಳು ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿ ಮಹಾನಂದಾ ಕಟಗೇರಿ. ಗ್ರಂಥಾಲಯದ ಕೆಳಗಿನ ನೆಲಮಾಳಿಗೆಯಲ್ಲಿ ಅವಳ ಯಂತ್ರವಿತ್ತು. ಅದರ ಹೆಸರು ‘ನಾಳೆ’. ಅದು ಸುತ್ತಲಿನ ಪ್ರತಿ ಹಳ್ಳಿಯಲ್ಲೂ ಕಲ್ಪನೆಯ ಮಕ್ಕಳನ್ನು ಹುಟ್ಟಿಸುತ್ತಿತ್ತು. ಅವಕ್ಕೆ ಉಣ್ಣಿಸಿ, ಶಾಲೆಗೆ ಕಳಿಸಿ, ಜ್ವರ ಬರಿಸಿ, ಕೆಲವರನ್ನು ಗುಳೆ ಕಳಿಸಿ, ಕೆಲವರಿಗೆ ಲಗ್ನ ಮಾಡಿ, ನಲವತ್ತು ವರ್ಷವನ್ನು ಒಂದು ಮಧ್ಯಾಹ್ನದಲ್ಲಿ ಓಡಿಸುತ್ತಿತ್ತು. ಕೊನೆಗೆ ವಿಶ್ವವಿದ್ಯಾಲಯದ ಗೇಟಿನ ತನಕ ಬಂದು ನಿಂತವರನ್ನು ಕೇಳುತ್ತಿತ್ತು: ಈ ಹಣವನ್ನು ಈಗಲೇ ಖರ್ಚು ಮಾಡಲೋ, ನಿಮಗೆ ಉಳಿಸಲೋ? ಅವರಲ್ಲಿ ಹೆಚ್ಚಿನವರು ಏನೆನ್ನುತ್ತಾರೋ ಅದೇ ಕುರ್ಚಿಯ ಮತ. ಊರಿನವರು ಮಹಾನಂದಾಳನ್ನು ‘ನಾಳೆ ಅಕ್ಕಾರು’ ಎಂದೇ ಕರೆಯುತ್ತಿದ್ದರು. ಅವಳಿಗೆ ಅದು ಇಷ್ಟವೇ ಆಗಿತ್ತು.

ಕುರ್ಚಿ ಇದುವರೆಗೆ ಮೋಸ ಮಾಡಿರಲಿಲ್ಲ. ಹಿಂದಿನ ಕುಲಪತಿಯೊಬ್ಬರು ತಮ್ಮ ಕಾಲದ ಗುರುತಿಗೆಂದು ಅಮೃತಶಿಲೆಯ ಮಹಾದ್ವಾರ ಕಟ್ಟಿಸಲು ಹೊರಟಾಗ ದೀಪ ಎಷ್ಟು ಬೇಗ ಕೆಂಪಾಯಿತೆಂದರೆ, ಅವರ ಭಾಷಣ ಬಾಯಲ್ಲೇ ಉಳಿಯಿತು. ಉಪ್ಪುನೀರಿನ ಸಂಶೋಧನೆಗೆ ದೊಡ್ಡ ಮೊತ್ತ ಕೇಳಿದಾಗ ಹಸಿರಾಯಿತು. ಇವತ್ತು ಡೋಣಿ ಹೊಳೆಯ ದಂಡೆಯ ಸವಳು ನೆಲದಲ್ಲಿ ಜೋಳ ಬರುತ್ತಿದ್ದರೆ ಅದರಿಂದಲೇ. ಅದಕ್ಕೇ ಆ ಆಷಾಢದ ಸಭೆಗೆ ಮಹಾನಂದಾ ನಿಶ್ಚಿಂತೆಯಿಂದ ಹೋಗಿದ್ದಳು.

ವಿಷಯ ಹುಡುಗಿಯರ ಹಾಸ್ಟೆಲಿನದು. ಎರೆಭೂಮಿಯ ಮೇಲೆ ಯಾವ ಕಾಲದಲ್ಲೋ ಅಗ್ಗದ ಗುತ್ತಿಗೆದಾರ ಕಟ್ಟಿದ ಕಟ್ಟಡ. ಮಳೆಗೆ ನೆಲ ಉಬ್ಬಿ, ಬೇಸಿಗೆಗೆ ಬಿರಿದು, ಗೋಡೆಗಳಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿದ್ದವು. ದಸರೆಯ ರಜೆಗೆ ಹುಡುಗಿಯರು ಊರಿಗೆ ಹೋಗುತ್ತಲೇ ಬೀಗ ಹಾಕಬೇಕೆಂದು ಇಂಜಿನಿಯರುಗಳು ಬರೆದುಕೊಟ್ಟಿದ್ದರು. ಹೊಸದನ್ನು ಕಟ್ಟುವುದೇನೂ ದೊಡ್ಡ ಮಾತಲ್ಲ, ಗೋಡೆ ಮುದ್ರಿಸುವ ಯಂತ್ರ ಎರಡು ತಿಂಗಳಲ್ಲಿ ಎಬ್ಬಿಸಿ ನಿಲ್ಲಿಸುತ್ತದೆ. ಆದರೆ ಅದಕ್ಕೆ ಗಂಟಿನ ಅಸಲು ಮುಟ್ಟಬೇಕು. ಮುಟ್ಟದಿದ್ದರೆ ಮುನ್ನೂರು ಹುಡುಗಿಯರು ರಜೆಗೆ ಹೋದವರು ಹೋದವರೇ. ಒಮ್ಮೆ ಊರಿನಲ್ಲಿ ಕೂತ ಹುಡುಗಿಯನ್ನು ಮತ್ತೆ ಓದಲು ಕಳಿಸುವವರು ಎಷ್ಟು ಮಂದಿ?

ಹನ್ನೆರಡು ಕೈಗಳೂ ಹೌದು ಎಂದು ಎದ್ದವು. ಕುರ್ಚಿಯ ದೀಪ ಕೆಂಪಾಯಿತು.

ಸಭಾಪತಿ ಹಾಜಿಸಾಬ ಜಮಾದಾರ ಪಾತ್ರೆ ಅಂಗಡಿಯವರು, ಚೀಟಿಯಲ್ಲಿ ಬಂದವರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೆಂಪೇ. ವಿದ್ಯಾರ್ಥಿಗಳ ಸಾಲಿನಿಂದ ಎದ್ದು ನಿಂತವಳು ಮಯೂರಿ, ಮಹಾನಂದಾಳ ಮಗಳು. ಹುಟ್ಟದವರ ಸಲುವಾಗಿ ಹುಟ್ಟಿದವರನ್ನು ಮನೆಗೆ ಅಟ್ಟುವ ಕುರ್ಚಿ ತಮಗೆ ಬೇಡ, ಅದರ ಅಧಿಕಾರವನ್ನೇ ಕಿತ್ತುಹಾಕಬೇಕು ಎಂದು ಅವಳು ಠರಾವು ಮಂಡಿಸಿದಳು. ಅಮ್ಮನ ಕಡೆ ನೋಡಲಿಲ್ಲ. ಠರಾವು ಶ್ರಾವಣದ ಸಭೆಗೆ ಹೋಯಿತು. ಅದು ಪಾಸಾದರೆ ಗಂಟಿನ ಬೀಗ ಹೋದಂತೆ, ಮತ್ತೆ ಮಹಾದ್ವಾರದವರು ಬರುತ್ತಾರೆಂದು ಮಹಾನಂದಾಳಿಗೆ ಗೊತ್ತಿತ್ತು. ಆದರೂ ಆ ಹೊತ್ತು ಅವಳನ್ನು ಕೊರೆದದ್ದು ಅದಲ್ಲ. ಆ ಮುನ್ನೂರು ಹುಡುಗಿಯರಲ್ಲಿ ಅರ್ಧ ಮಂದಿಗೆ ಅವಳೇ ಪಾಠ ಹೇಳುತ್ತಿದ್ದಳು.

ಮನೆಯಲ್ಲಿ ಊಟಕ್ಕೆ ಕೂತಾಗ ತಾಯಿ ಮಗಳು ಮಾತಾಡಿದ್ದೆಲ್ಲ ಸಂಗನಬಸುವಿನ ಮೂಲಕ. ಅವನು ಮಹಾನಂದಾಳ ಗಂಡ, ವೃತ್ತಿಯಿಂದ ದನದ ಡಾಕ್ಟರು. ಒದೆಯುವ ಎಮ್ಮೆಗಳ ನಡುವೆ ದಿನ ಕಳೆದವನಾದ್ದರಿಂದ ಇಬ್ಬರ ನಡುವೆ ಕೂತು ರೊಟ್ಟಿ ಮುರಿಯುವುದು ಅವನಿಗೆ ಕಷ್ಟವಾಗಲಿಲ್ಲ. ಕುರ್ಚಿ ತಪ್ಪು ಹೇಳುವುದಿಲ್ಲ, ಕಾರಣ ಇದ್ದೇ ಇರುತ್ತದೆ ಎಂದು ಹೇಳು ಅವಳಿಗೆ, ಎಂದಳು ಮಹಾನಂದಾ. ಕಾರಣ ಹಾಸ್ಟೆಲಿನ ಬಿರುಕಿನಲ್ಲಿ ಕೈ ಹಾಕಿದರೆ ಸಿಗುತ್ತದೆ ಎಂದು ಹೇಳು, ಎಂದಳು ಮಗಳು. ಸಂಗನಬಸು ಇಬ್ಬರ ತಟ್ಟೆಗೂ ಶೇಂಗಾ ಚಟ್ನಿ ಹಾಕಿದ.

ಮರುದಿನ ಮುಂಜಾನೆ ಮಹಾನಂದಾ ನೆಲಮಾಳಿಗೆಗೆ ಇಳಿದಳು. ಮತ ಬದಲಿಸುವ ಹಕ್ಕು ಅವಳಿಗೂ ಇರಲಿಲ್ಲ. ಕಾರಣ ಕೇಳುವ ಹಕ್ಕು ಇತ್ತು. ನಲವತ್ತು ವರ್ಷದ ನಂತರದ ಗೇಟನ್ನು ತೋರಿಸು ಎಂದಳು. ಪರದೆಯ ಮೇಲೆ ಗೇಟು ಬಂತು. ಹುಡುಗರು, ಹುಡುಗರು, ಪಟ್ಟಣದ ಒಂದಿಷ್ಟು ಹುಡುಗಿಯರು, ಮತ್ತೆ ಹುಡುಗರು. ಹಳ್ಳಿಯ ಹುಡುಗಿಯರೇ ಇರಲಿಲ್ಲ. ಹಾಸ್ಟೆಲಿಗೆ ಯಾಕೆ ಬೇಡವೆಂದಿತು ಎಂಬುದು ಈಗ ತಿಳಿಯಿತು. ಅದರಲ್ಲಿ ಇರಬೇಕಾದವರು ಯಾರೂ ಗೇಟಿಗೆ ಬಂದೇ ಇರಲಿಲ್ಲ, ಬರದವರನ್ನು ‘ನಾಳೆ’ ಕೇಳುವುದಿಲ್ಲ.

ಅವರೆಲ್ಲ ಎಲ್ಲಿ ನಿಂತರು ಎಂದು ಮಹಾನಂದಾ ಒಬ್ಬೊಬ್ಬಳನ್ನೇ ಹಿಂಬಾಲಿಸಿದಳು. ತಾಳಿಕೋಟೆ ಕಡೆಯ ಕಲ್ಪನೆಯ ಹುಡುಗಿಯೊಬ್ಬಳು ಚೆನ್ನಾಗಿ ಓದಿ, ಅರ್ಜಿ ತುಂಬಲು ಕೂತವಳು ಅಲ್ಲಿಗೇ ಎದ್ದಿದ್ದಳು. ಯಂತ್ರ ಕೊಟ್ಟ ಕಾರಣ: ಪಟ್ಟಣದಲ್ಲಿ ಸೋದರಮಾವ ಇಲ್ಲ. ಇನ್ನೊಬ್ಬಳು ಸಿಂದಗಿ ಕಡೆಯವಳು. ಸೋದರಮಾವ ಇಲ್ಲ. ಮತ್ತೊಬ್ಬಳಿಗೂ ಅದೇ.

ಸೋದರಮಾವನಿದ್ದರೆ ಮಾತ್ರ ಹಳ್ಳಿಯ ಹುಡುಗಿ ಬರುತ್ತಾಳೆಂಬ ಆ ಆಧಾರವನ್ನು ಯಂತ್ರಕ್ಕೆ ಹಾಕಿದವಳು ಅವಳೇ. ಹಿಂದಿನ ಹತ್ತಾರು ವರ್ಷಗಳ ವಿದ್ಯಾರ್ಥಿನಿಯರ ವಿವರಗಳಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯುವಂತಿತ್ತು. ಹಳ್ಳಿಯಿಂದ ಬಂದವಳು ಹಾಸ್ಟೆಲಿನಲ್ಲಿರಲಿ, ಬಾಡಿಗೆ ಕೋಣೆಯಲ್ಲಿರಲಿ, ಪಟ್ಟಣದಲ್ಲಿ ಅವಳಿಗೊಬ್ಬ ಸೋದರಮಾವ ಇದ್ದೇ ಇರುತ್ತಿದ್ದ. ಮಾವನಿದ್ದರೆ ಮನೆಯವರು ಧೈರ್ಯದಿಂದ ಕಳಿಸುತ್ತಾರೆ. ಇದರಲ್ಲಿ ಸಂಶಯಪಡಲು ಏನಿದೆ? ಮಹಾನಂದಾ ತಾನೇ ಹಾಗೆ ಓದಿದವಳು. ರಾಚಪ್ಪ ಮಾಮಾ ಇಲ್ಲದಿದ್ದರೆ ಅವಳಪ್ಪ ಅವಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆದರೆ ಈಗ ಮನೆಗೊಂದೇ ಮಗು. ಒಬ್ಬಳೇ ಮಗಳಾಗಿ ಹುಟ್ಟಿದವಳಿಗೆ ಅಣ್ಣತಮ್ಮಂದಿರು ಎಲ್ಲಿಂದ ಬರಬೇಕು? ಅವಳ ಮಗಳಿಗೆ ಸೋದರಮಾವ ಎಲ್ಲಿಂದ? ನಲವತ್ತು ವರ್ಷದಲ್ಲಿ ನಾಡಿನಿಂದ ಸೋದರಮಾವನೆಂಬ ಮನುಷ್ಯನೇ ಮಾಯವಾಗುತ್ತಾನೆ, ಅವನ ಹಿಂದೆ ಹುಡುಗಿಯರೂ.

ಯಾರೂ ಕಾಣದ್ದನ್ನು ತನ್ನ ಯಂತ್ರ ಕಂಡಿತಲ್ಲ ಎಂದು ಮಹಾನಂದಾಳಿಗೆ ಹೆಮ್ಮೆಯಾಯಿತು. ಆಮೇಲೆ ಹಳ್ಳಿಯ ಹುಡುಗಿಯರಿಲ್ಲದ ಆ ಗೇಟನ್ನು ಮತ್ತೊಮ್ಮೆ ನೋಡಿ ಪರದೆ ಆರಿಸಿದಳು.

ಭಾನುವಾರ ಮಯೂರಿಯ ಗೆಳತಿ ಲಗಮವ್ವ ಊಟಕ್ಕೆ ಬಂದಳು. ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವ ಪದ್ಧತಿ ಮತ್ತೆ ಚಾಲ್ತಿಗೆ ಬಂದಿತ್ತು. ಎಲ್ಲರ ಬಾಯಲ್ಲಿ ಅವಳು ಲಗಮಿ. ಭೌತಶಾಸ್ತ್ರ ಓದುತ್ತಿದ್ದ ಹುಡುಗಿ, ಹಾಸ್ಟೆಲಿನಲ್ಲಿ ಬಿರುಕು ದೊಡ್ಡದಿದ್ದ ಕೋಣೆ ಅವಳದೇ. ಸಂಗನಬಸು ಒಲೆಯ ಮುಂದೆ ಪುಂಡಿಪಲ್ಯ ತಿರುವುತ್ತಿದ್ದ. ಅಷ್ಟರಲ್ಲಿ ಲಗಮಿಯ ಫೋನು ಹಾಡಿತು. ಅವಳು ಹೆಸರು ನೋಡಿ, ಎದ್ದು, ಏನೂ ನಡೆದಿಲ್ಲವೆಂಬಂತೆ ಫೋನನ್ನು ಸಂಗನಬಸುವಿನ ಕೈಗೆ ಕೊಟ್ಟಳು. ಅವನೂ ಸೌಟು ಬಿಡದೆ ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡ.

ಆ ಕಡೆಯ ಹೆಂಗಸಿನ ದನಿ ಅಡುಗೆಮನೆಗೆಲ್ಲ ಕೇಳುವಷ್ಟು ದೊಡ್ಡದಿತ್ತು. “ಅಣ್ಣಾ, ಆರಾಮದೀರೇನ್ರಿ? ನಮ್ಮ ಹುಡುಗಿ ಹೆಂಗದಾಳ?”

“ಆರಾಮ ಅದೀವಿ ತಂಗಿ. ಇಲ್ಲೇ ನಮ್ಮ ಮನ್ಯಾಗ ಅದಾಳ. ಈಗ ಉಣ್ಣಾಕ ಕೂತಾಳ ನೋಡು,” ಎಂದ ಸಂಗನಬಸು, ಹುಟ್ಟಿದಾಗಿನಿಂದ ಅವಳ ಅಣ್ಣನಾಗಿದ್ದವನಂತೆ.

ಫೋನು ಇಟ್ಟ ಮೇಲೆ ಮಹಾನಂದಾ ಗಂಡನ ಮುಖ ನೋಡಿದಳು. ಇದು ಮೊದಲನೆಯ ಸಲವಲ್ಲವೆಂದೂ, ಮಯೂರಿಯ ಗೆಳತಿಯರಿಂದಾಗಿ ತನಗೆ ಈ ವರ್ಷ ಬೇಕಾದಷ್ಟು ಮಂದಿ ತಂಗಿಯರಾಗಿದ್ದಾರೆಂದೂ ಅವನು ಪಲ್ಯಕ್ಕೆ ಉಪ್ಪು ಹಾಕುತ್ತ ಹೇಳಿದ. ಮಹಾನಂದಾ ಲಗಮಿಯ ಕಡೆ ತಿರುಗಿದಳು.

“ನಿಮ್ಮವ್ವಗ ತನ್ನ ಅಣ್ಣನ ದನಿ ಗೊತ್ತಾಗಂಗಿಲ್ಲೇನ?”

“ಅಣ್ಣ ಇದ್ರ ಗೊತ್ತಾಗ್ತಿತ್ರಿ ಮೇಡಂ,” ಎಂದಳು ಲಗಮಿ. “ಅವ್ವಗ ಯಾರೂ ಇಲ್ರಿ. ಮನ್ಯಾಗ ಅಜ್ಜಿ, ಕಾಕಾ ಎಲ್ಲಾರೂ ಕೇಳತಿರ್ತಾರ. ತವರೂರ ಕಡಿ ಅಣ್ಣ ಒಬ್ಬ ಪ್ಯಾಟ್ಯಾಗ ಅದಾನಂತ ಅವ್ವನ ಹೇಳ್ಯಾಳ್ರಿ. ಹಿಂಗ ಮಾಡಂತ ಕಲಿಸಿಕೊಟ್ಟಾಕಿನೂ ಅಕಿನ.”

ಈ ಸೀಮೆಯಲ್ಲಿ ಹೆಂಗಸಿಗೆ ತನ್ನ ತವರೂರಿನ ಗಂಡಸರೆಲ್ಲ ಅಣ್ಣತಮ್ಮಂದಿರೇ. ಆಕೆಯ ಮಕ್ಕಳಿಗೆ ಅವರೆಲ್ಲ ಮಾವಂದಿರೇ. ಗಂಡನ ಮನೆಯವರು ಆ ಊರಿನ ಗಂಡಸರನ್ನೆಲ್ಲ ಎಣಿಸಲು ಹೋಗುವುದಿಲ್ಲ. ಗಾಳಿಯಲ್ಲಿ ತೇಲುವ ಬಸ್ಸು ಬಂದರೂ, ಗೋಡೆ ಮುದ್ರಿಸುವ ಯಂತ್ರ ಬಂದರೂ, ನಿಮ್ಮ ಹುಡುಗಿ ಅಲ್ಲಿ ಯಾರ ಮನೆಯಲ್ಲಿರುತ್ತಾಳೆ ಎಂದು ಕೇಳುವ ಬಾಯಿಗಳೇನೂ ಕಡಿಮೆಯಾಗಿರಲಿಲ್ಲ. ಆ ಬಾಯಿಗಳಿಗೆಂದು ತಾಯಂದಿರು ಒಬ್ಬ ಅಣ್ಣನನ್ನು ಹುಟ್ಟಿಸಿಕೊಂಡಿದ್ದರು. ಅವನನ್ನೇ ಹುಡುಗಿಯರು ವಿವರಗಳಲ್ಲಿ ಹೇಳಿದ್ದರು. ಅವನನ್ನೇ ಮಹಾನಂದಾ ನಂಬಿ ಯಂತ್ರಕ್ಕೆ ಉಣ್ಣಿಸಿದ್ದಳು.

ಅವಳು ಊಟಕ್ಕೆ ಕೂರಲಿಲ್ಲ. ಒಂದು ಅನುಮಾನ ತಲೆ ಹೊಕ್ಕಿತ್ತು, ಅದನ್ನು ಇಟ್ಟುಕೊಂಡು ಅನ್ನ ಇಳಿಯುವ ಹಾಗಿರಲಿಲ್ಲ. ನೇರ ರಾಚಪ್ಪನ ಖಾನಾವಳಿಗೆ ಹೋದಳು.

ವಿಶ್ವವಿದ್ಯಾಲಯದ ಹಿಂದಿನ ಗೇಟಿಗೆ ಎದುರಾಗಿ ಆ ಖಾನಾವಳಿ ಇತ್ತು. ಈಗ ಅದನ್ನು ಮೊಮ್ಮಕ್ಕಳು ನಡೆಸುತ್ತಿದ್ದರು. ರಾಚಪ್ಪ ಮಾಮಾ ಗಲ್ಲಾಪೆಟ್ಟಿಗೆಯ ಪಕ್ಕದ ಮಂಚದ ಮೇಲೆ ಕೂತು ಹೋಗಿಬರುವವರ ಯೋಗಕ್ಷೇಮ ವಿಚಾರಿಸುವುದಷ್ಟೇ ಕೆಲಸ ಇಟ್ಟುಕೊಂಡಿದ್ದ. ಓದುವಾಗ ಮಹಾನಂದಾ ಇದ್ದದ್ದು ಅದರ ಮೇಲಿನ ಮಾಳಿಗೆಯ ಕೋಣೆಯಲ್ಲಿ, ಇನ್ನೂ ನಾಲ್ಕು ಹುಡುಗಿಯರ ಜೊತೆ. ಅವರೂ ಅವನನ್ನು ಮಾಮಾ ಎನ್ನುತ್ತಿದ್ದರು. ಮಾಮಾನ ಬಳಗ ದೊಡ್ಡದು ಎಂದುಕೊಂಡಿದ್ದಳು ಅವಳು. ಪ್ರತಿ ವರ್ಷ ನಾಗರಪಂಚಮಿಗೆ ಅವ್ವ ಅವನಿಗೆ ಒಂದು ಡಬ್ಬಿ ಉಂಡಿ ಕಳಿಸುತ್ತಿದ್ದಳು, ತವರಿನ ಅಣ್ಣನಿಗೆ ಕಳಿಸಿದ ಹಾಗೆ. ಅವ್ವ ತೀರಿಕೊಂಡ ಮೇಲೆ ಮಹಾನಂದಾ ಕಳಿಸುತ್ತಿದ್ದಳು.

ಅವಳು ಮಂಚದ ತುದಿಗೆ ಕೂತು ಸುತ್ತುಬಳಸಿಲ್ಲದೆ ಕೇಳಿದಳು. “ಮಾಮಾ, ನೀವು ನಮ್ಮವ್ವನ ತವರೂರಿನವರು ಹೌದಲ್ರಿ?”

ರಾಚಪ್ಪ ಅವಳನ್ನು ಬಹಳ ಹೊತ್ತು ನೋಡಿ, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. “ನಮ್ಮೂರು ಗಡಿ ಆಚಿ ಜತ್ತ ಕಡಿ, ಮಹಾನಂದವ್ವಾ. ನಿಮ್ಮವ್ವನ ತವರೂರು ಯಾ ದಿಕ್ಕಿಗೆ ಐತಿ ಅಂತ ಇವತ್ತಿಗೂ ನನಗ ಗೊತ್ತಿಲ್ಲ.”

ಆಮೇಲೆ ಅವನು ಹೇಳಿದ. ಮಗಳ ಅಡ್ಮಿಶನ್ನಿಗೆಂದು ಬಂದಿದ್ದ ಹೆಂಗಸು ಒಬ್ಬಳೇ ಊಟಕ್ಕೆ ಕೂತಿದ್ದಳಂತೆ. ಗಂಡ ಮತ್ತು ಮೈದುನ ಹೊರಗೆ ನಿಂತು, ವಾಪಸು ಹೋಗೋಣ, ಗೊತ್ತಿಲ್ಲದ ಊರು ಎಂದು ಗೊಣಗುತ್ತಿದ್ದರಂತೆ. “ಎರಡನೇ ರೊಟ್ಟಿ ನೀಡೂಮುಂದ ಕೇಳಿದ್ಲು, ಅಣ್ಣಾ, ನಿಮಗ ತಂಗಿ ಯಾರರೆ ಅದಾರೇನು ಅಂತ. ಇಲ್ಲವ್ವಾ ಅಂದೆ. ಇವತ್ತಿನಿಂದ ಅದಾಳ ಅಂದ್ಲು. ಹೊರಗ ಹೋಗಿ, ಬರ್ರಿ, ನಮ್ಮೂರ ಅಣ್ಣ ಸಿಕ್ಕ ಅಂತ ನಿಮ್ಮಪ್ಪನ್ನ ಒಳಗ ಕರಕೊಂಡ ಬಂದ್ಲು. ನಾ ಏನ ಮಾಡ್ಲಿ? ನಿಮ್ಮಪ್ಪಗ ಹೋಳಿಗಿ ನೀಡಿದೆ.”

ಅವಳಿಂದ ಸುದ್ದಿ ಇನ್ನೊಬ್ಬ ತಾಯಿಗೆ, ಅವಳಿಂದ ಮತ್ತೊಬ್ಬಳಿಗೆ ಹೋಗಿ ಒಂದು ವರ್ಷ ಪಂಚಮಿಗೆ ಖಾನಾವಳಿಯಲ್ಲಿ ಉಂಡಿ ಇಡಲು ಜಾಗವಿರಲಿಲ್ಲವಂತೆ. ಲೆಕ್ಕದಲ್ಲಿ ಚಿನ್ನದ ಪದಕ ತೆಗೆದುಕೊಂಡವಳು ಮಾಮಾನಿಗೆ ಇಷ್ಟು ತಂಗಿಯರು ಹೇಗಾದರೆಂದು ಒಮ್ಮೆಯೂ ಲೆಕ್ಕ ಹಾಕಲಿಲ್ಲವಲ್ಲ ಎಂದು ಅವನು ಛೇಡಿಸಿದ. ಮಹಾನಂದಾಳಿಗೆ ನಗು ಬಂತು. ನಗುತ್ತಿದ್ದಂತೆಯೇ ಅಳುವೂ ಬಂತು. ಹೆಬ್ಬೆಟ್ಟು ಒತ್ತುತ್ತಿದ್ದ ತನ್ನ ಅವ್ವ ಎರಡನೆಯ ರೊಟ್ಟಿ ತಟ್ಟೆಗೆ ಬೀಳುವುದರೊಳಗೆ ಮಗಳ ಬದುಕು ತಿರುಗಿಸಿಬಿಟ್ಟಿದ್ದಳು. ಅದನ್ನು ಮಗಳಿಗೂ ಹೇಳದೆ ಹೋಗಿದ್ದಳು. ಅವ್ವನ ಮೇಲೆ ಅಷ್ಟು ಪ್ರೀತಿ ಅವಳಿಗೆ ಯಾವತ್ತೂ ಉಕ್ಕಿರಲಿಲ್ಲ.

ತಪ್ಪು ಎಲ್ಲಿದೆಯೆಂದು ತಿಳಿದ ಮೇಲೆ ಮಹಾನಂದಾ ತಡಮಾಡುವವಳಲ್ಲ. ಆದರೆ ಕಾಯ್ದೆ ಅವಳ ಕೈಯನ್ನೂ ಕಟ್ಟಿತ್ತು. ‘ನಾಳೆ’ಯ ಒಂದು ಆಧಾರವನ್ನು ತೆಗೆಯಬೇಕಾದರೆ ಕಾಗದಪತ್ರ ನಡೆಯುವುದಿಲ್ಲ. ಬಾಡಿಗೆ ಹೂಕುಂಡಗಳ ಕಾಲ ನೆನಪಿದ್ದವರು ಬರೆದ ಕಾಯ್ದೆ ಅದು. ನೂರು ಮಂದಿ ತೆರೆದ ಸಭೆಗೆ ಬಂದು ತಮ್ಮ ತಮ್ಮ ಬದುಕಿನ ಬಗ್ಗೆ ತಮ್ಮ ಬಾಯಿಂದಲೇ ಹೇಳಬೇಕು. ಸಭೆ ಪ್ರತಿ ಊರಿನ ಪಂಚಾಯ್ತಿ ಕಟ್ಟೆಯ ಪರದೆಯ ಮೇಲೂ ಕಾಣುತ್ತದೆ. ಹಾಸ್ಟೆಲಿನ ಹುಡುಗಿಯರು ನಿಂತು ನಮಗೆ ಮಾವ ಇಲ್ಲ ಎಂದರೆ ಯಂತ್ರಕ್ಕೆ ನಿಜ ತಿಳಿಯುತ್ತದೆ. ಊರಿಗೂ ತಿಳಿಯುತ್ತದೆ. ಕೊನೆಗೆ ಹಾಸ್ಟೆಲು ಏಳುತ್ತದೆ, ಅದರಲ್ಲಿರಲು ಹುಡುಗಿಯರು ಇರುವುದಿಲ್ಲ.

ಲಗಮಿ ತಾನು ಹೇಳುತ್ತೇನೆಂದಳು. ಮಹಾನಂದಾ ಕಡ್ಡಿ ಮುರಿದಂತೆ ಬೇಡ ಎಂದಳು. ಆಮೇಲೆ ಮಯೂರಿಯ ಎದುರಿಗೆ ಕೂತು, ಮಧ್ಯೆ ಸಂಗನಬಸು ಇಲ್ಲದೆ, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಯಂತ್ರ ಸುಳ್ಳು ಹೇಳಲಿಲ್ಲ, ತಾನು ಅದಕ್ಕೆ ಹೇಳಿಕೊಟ್ಟದ್ದು ಸುಳ್ಳು ಎಂದಳು. ಮಯೂರಿ ಬಿರುಸಾಗಿ ಏನೋ ಹೇಳಲು ಬಾಯಿ ತೆರೆದವಳು, ಅಮ್ಮನ ಮುಖ ನೋಡಿ, ಬೇರೆಯೇ ಮಾತು ಹೇಳಿದಳು.

“ಅವ್ವಾ, ಈಗ ಇರೂ ಹುಡುಗ್ಯಾರು ಹೇಳಾಕ ಬರಂಗಿಲ್ಲ. ಓದಿ ಹೋದವರು? ಅವರನ್ನ ಇನ್ನ ಯಾರು ಮನ್ಯಾಗ ಕೂಡಸ್ತಾರ?”

ಮಹಾನಂದಾಳಿಗೆ ಮಗಳನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡಳು ಕೂಡ. ಅಂದಿನಿಂದ ಮನೆಯಲ್ಲಿ ಮೂರು ಫೋನುಗಳಿಗೆ ಬಿಡುವಿರಲಿಲ್ಲ. ಮಹಾನಂದಾ ತನ್ನ ಕಾಲದವರನ್ನು ಹುಡುಕಿದಳು, ಮಯೂರಿ ಆಮೇಲಿನವರನ್ನು. ಖಾನಾವಳಿಯ ಮಂಚದ ಮೇಲಿಂದ ರಾಚಪ್ಪ ಮಾಮಾ ತನಗೆ ಇವತ್ತಿಗೂ ಉಂಡಿ ಕಳಿಸುವವರನ್ನೆಲ್ಲ ನೆನೆಸಿ ನೆನೆಸಿ ಹೇಳಿದ. ಬರುತ್ತಾರೋ ಇಲ್ಲವೋ ಎಂದು ಸಂಗನಬಸು ಚಿಂತೆ ಮಾಡಿದ. ಮಹಾನಂದಾ ಮಾಡಲಿಲ್ಲ. ಆ ಹುಡುಗಿಯರು ಎಂಥವರ ಹೊಟ್ಟೆಯಲ್ಲಿ ಹುಟ್ಟಿದವರೆಂಬುದು ಅವಳಿಗೆ ಈಗ ಗೊತ್ತಿತ್ತು.

ಶ್ರಾವಣದ ಮೊದಲ ದಿನವೇ ಸಭೆ ಇತ್ತು. ಬೆಳಗಾಗುತ್ತಲೇ ಹಿಂದಿನ ಗೇಟಿನ ಮುಂದೆ ವಾಹನಗಳು ಸಾಲುಗಟ್ಟಿದವು. ಸೀರೆಯವರು, ಸಮವಸ್ತ್ರದವರು, ನರೆತ ಕೂದಲಿನವರು, ಮೊಮ್ಮಗುವನ್ನು ಎತ್ತಿಕೊಂಡವರು. ಮೊದಲು ಎಲ್ಲರೂ ಖಾನಾವಳಿಗೆ ಹೋಗಿ ಮಂಚದ ಮೇಲಿದ್ದವನ ಕಾಲು ಮುಟ್ಟಿದರು. ಆಮೇಲೆ ಸಭಾಂಗಣಕ್ಕೆ ಬಂದರು. ಗ್ಯಾಲರಿ ತುಂಬಿ, ಜನ ಮೆಟ್ಟಿಲ ಮೇಲೆ ಕೂತರು.

ಮಹಾನಂದಾ ಎದ್ದು ನಿಂತಳು. ಸೋದರಮಾವನನ್ನು ಯಂತ್ರ ಕಲಿತದ್ದು ತನ್ನಿಂದ, ತಾನು ಅವನನ್ನು ನಂಬಿದ್ದು ತನಗೂ ಒಬ್ಬನಿದ್ದನೆಂಬ ಕಾರಣಕ್ಕೆ ಎಂದು ಮೊದಲು ಹೇಳಿದಳು. “ನನಗೆ ಸೋದರಮಾವ ಇರಲಿಲ್ಲ,” ಎಂದಳು. “ನನ್ನನ್ನು ಓದಿಸಿದವಳು ನನ್ನ ಅವ್ವ.”

ಅವಳು ಕೂತಳು. ಜಿಲ್ಲಾ ನ್ಯಾಯಾಧೀಶೆಯೊಬ್ಬರು ಎದ್ದರು. ನನಗೂ ಇರಲಿಲ್ಲ, ನಾನು ಗೋದಾಮಿನ ಪಕ್ಕದ ಕೋಣೆಯಲ್ಲಿದ್ದೆ ಎಂದರು. ಕಾಲುವೆ ಇಲಾಖೆಯ ಮುಖ್ಯ ಇಂಜಿನಿಯರು ಎದ್ದಳು. ತನಗೆ ಮಾವನಾಗಿದ್ದವನು ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯವನು, ತಿಂಗಳಿಗೊಮ್ಮೆ ಅಪ್ಪ ಬಂದಾಗ ಮೈಮೇಲೆ ಅಂಗಿ ಏರಿಸಿಕೊಂಡು ಮಾವನಾಗುತ್ತಿದ್ದ ಎಂದಾಗ ಸಭೆ ನಕ್ಕಿತು. ಒಬ್ಬ ವೈದ್ಯೆ, ಒಬ್ಬ ಪೈಲಟ್, ಮೂವರು ಮುಖ್ಯೋಪಾಧ್ಯಾಯಿನಿಯರು. ಹಾಸ್ಟೆಲಿನಲ್ಲಿದ್ದವರು, ವರಾಂಡದಲ್ಲಿ ಮಲಗಿದವರು, ಗುಡಿಯ ಮಗ್ಗುಲಿನ ಛತ್ರದಲ್ಲಿ ಪರೀಕ್ಷೆ ಓದಿದವರು. ನನಗೂ ಇರಲಿಲ್ಲ. ನನಗೂ ಇರಲಿಲ್ಲ. ಹಾಜಿಸಾಬ ಜಮಾದಾರರು ಮೊದಮೊದಲು ಎಣಿಸಿದರು, ಲೆಕ್ಕ ತುಂಬಿದ ಮೇಲೂ ಜನ ಏಳುತ್ತಲೇ ಇದ್ದುದರಿಂದ ಬಿಟ್ಟುಬಿಟ್ಟರು.

ಇನ್ನು ಸಾಕು ಎಂದು ಅವರು ಹೇಳುವಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಬ್ಬ ಹೆಂಗಸು ಎದ್ದಳು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಅವಳ ಸಾಕ್ಷಿ ಲೆಕ್ಕಕ್ಕೆ ಬೇಕಾಗಿಯೂ ಇರಲಿಲ್ಲ. ವಿದ್ಯಾರ್ಥಿಗಳ ನಡುವೆ ಲಗಮಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡದ್ದನ್ನು ನೋಡಿ ಮಹಾನಂದಾಳಿಗೆ ಅದು ಯಾರೆಂದು ತಿಳಿಯಿತು. ಕೂತುಕೊ ಎಂದು ಸನ್ನೆ ಮಾಡಲು ಕೈ ಎತ್ತಿದಳು, ಆ ಹೆಂಗಸು ನೋಡಲಿಲ್ಲ. ಅವಳು ಕುರ್ಚಿಯನ್ನು ನೋಡುತ್ತಿದ್ದಳು.

“ನನಗ ಅಣ್ಣ ಇಲ್ರಿ,” ಎಂದಳು, ಫೋನಿನಲ್ಲಿ ಮಾತಾಡುವ ಅದೇ ದೊಡ್ಡ ದನಿಯಲ್ಲಿ. “ತವರೂರಾಗೂ ಇಲ್ಲ. ನನ್ನ ಮಗಳು ಹಾಸ್ಟೆಲಿನಾಗ ಇರತಾಳ. ಇಷ್ಟ ದಿನಾ ಸುಳ್ಳ ಹೇಳೀನಿ. ಇನ್ನ ಯಾರರೆ ಕೇಳಿದ್ರ, ಹಾಸ್ಟೆಲಿನಾಗ ಇರತಾಳ ಅಂತನ ಹೇಳ್ತೀನಿ.”

ನ್ಯಾಯಾಧೀಶೆ ಸರಿದು ಅವಳಿಗೆ ತಮ್ಮ ಪಕ್ಕ ಜಾಗ ಮಾಡಿಕೊಟ್ಟರು.

ಮಂಡಲಿಯ ಹನ್ನೆರಡೂ ಮಂದಿಯ ಜೊತೆ ಮಹಾನಂದಾ ನೆಲಮಾಳಿಗೆಗೆ ಇಳಿದು ಅವರೆದುರಿಗೇ ಸೋದರಮಾವನನ್ನು ಯಂತ್ರದಿಂದ ತೆಗೆದಳು. ‘ನಾಳೆ’ ಮತ್ತೆ ಮೊದಲಿನಿಂದ ಮಕ್ಕಳನ್ನು ಹುಟ್ಟಿಸತೊಡಗಿತು. ಅದು ನಲವತ್ತು ವರ್ಷ ಓಡಿ ಬರುವುದರೊಳಗೆ ಎಲ್ಲರದೂ ಊಟವಾಯಿತು, ರಾಚಪ್ಪನ ಖಾನಾವಳಿಯಿಂದ ಬುಟ್ಟಿಗಟ್ಟಲೆ ರೊಟ್ಟಿ ಬಂದಿತ್ತು. ಕೈ ತೊಳೆದು ಬಂದು ಕೂತಾಗ ಹಾಜಿಸಾಬರು ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು. ಹುಡುಗಿಯರ ಹಾಸ್ಟೆಲಿಗೆ ಗಂಟಿನ ಅಸಲು ಮುಟ್ಟಬಹುದೇ?

ದೀಪ ಹಸಿರಾಯಿತು.

ಗೋಡೆಯ ಪರದೆಯ ಮೇಲೆ ನಲವತ್ತು ವರ್ಷದ ನಂತರದ ಗೇಟು ಮೂಡಿತು. ಹುಡುಗಿಯರು ಗೇಟಿನಲ್ಲಿ ಹಿಡಿಸದೆ ರಸ್ತೆಯ ತನಕ ನಿಂತಿದ್ದರು. ಇಷ್ಟು ಮಂದಿಗೆ ಈಗ ಯೋಚಿಸಿದ ಹಾಸ್ಟೆಲು ಸಾಲುವುದಿಲ್ಲ ಎಂದು ಅಧ್ಯಾಪಕರೊಬ್ಬರು ಅಲ್ಲೇ ತಕರಾರು ತೆಗೆದರು. ಮಯೂರಿ ತನ್ನ ಠರಾವನ್ನು ಹಿಂದಕ್ಕೆ ಪಡೆದಳು, ಆದರೆ ಬರಿಗೈಯಲ್ಲಿ ಕೂರಲಿಲ್ಲ. ಗೇಟಿನ ತನಕ ಬಂದವರನ್ನು ಮಾತ್ರ ಕೇಳಿದ್ದರಿಂದಲೇ ಇಷ್ಟೆಲ್ಲ ಆಯಿತು, ಇನ್ನು ಮೇಲೆ ದಾರಿಯಲ್ಲಿ ನಿಂತುಹೋದವರನ್ನೂ ಕುರ್ಚಿ ಕೇಳಬೇಕು ಎಂದು ಹೊಸ ಠರಾವು ಮಂಡಿಸಿದಳು. ಅದನ್ನು ಅನುಮೋದಿಸಲು ಮೊದಲು ಎದ್ದವಳು ಅವಳ ಅಮ್ಮ. ಮಂಡಲಿಯಲ್ಲಿ ತನಗೆ ಮತವಿಲ್ಲವೆಂಬುದು ಮಹಾನಂದಾಳಿಗೆ ಮರೆತೇಹೋಗಿತ್ತು. ಹಾಜಿಸಾಬರು ಅದನ್ನು ನೆನಪಿಸಿ ಕೂರಿಸಬೇಕಾಯಿತು.

ಪಂಚಮಿಯ ಹಿಂದಿನ ದಿನ ಸಂಗನಬಸುವಿನ ಫೋನೇ ಹಾಡಿತು. ಲಗಮಿಯ ತಾಯಿ.

“ಅಣ್ಣಾ, ಆರಾಮದೀರೇನ್ರಿ?”

ಇನ್ನು ಹಾಗೆ ಕರೆಯಲೇಬೇಕೆಂದೇನೂ ಇಲ್ಲವಲ್ಲ ತಂಗಿ ಎಂದ ಸಂಗನಬಸು. ಮನೆಯಲ್ಲಿ ಏನೆಂದರು ಎಂದು ಹೆದರುತ್ತಲೇ ಕೇಳಿದ.

“ಅಂದ್ರು. ಅನ್ನೂದು ಮುಗದ ಮ್ಯಾಲೆ ಊಟಕ್ಕ ನೀಡಿದೆ,” ಎಂದಳು ಅವಳು. “ಮೊದಲ ಮಂದಿ ಕೇಳ್ಲಿ ಅಂತ ಅಣ್ಣಾ ಅಂತಿದ್ದೆ. ಈಗ ನೀವು ಕೇಳ್ಲಿ ಅಂತ ಅಂತೀನಿ. ಲಗಮಿ ಕೈಯಾಗ ಉಂಡಿ ಕಳಸೀನ್ರಿ. ಬರೇ ಡಬ್ಬಿ ಹೊಳ್ಳಿ ಕಳಸಬ್ಯಾಡ್ರಿ ಮತ್ತ.”

ಫೋನು ಇಟ್ಟ ಸಂಗನಬಸು ಒಳಗೆ ಬಂದು, ಚಪ್ಪಲಿಗಾಗಿ ಕಾಲಿನಿಂದ ತಡಕಾಡುತ್ತ, ತಂಗಿಯ ಡಬ್ಬಿಯಲ್ಲಿಡಲು ಒಳ್ಳೆಯ ಕುಪ್ಪಸದ ಖಣ ಪೇಟೆಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೆಂಡತಿಯನ್ನು ಕೇಳಿದ.